ನೀರುಗಂಟಿಗೆ ಮೊದಲ ಕೊಡ

ಉದಯಕುಮಾರ ಎರಡನೇ ಕ್ಯಾನಿನ ಮುಚ್ಚಳ ಕಿತ್ತು ಹಂಡೆಗೆ ಬಗ್ಗಿಸುತ್ತಿದ್ದಾಗ ಮುನಿತಾಯಮ್ಮ ಹಿಂದಿನಿಂದ ಬಂದು ಅವನ ಮೊಣಕೈ ಹಿಡಿದಳು. ನೀರು ಅರ್ಧ ಹಂಡೆಗೆ ಬಿತ್ತು, ಅರ್ಧ ಒಲೆಗೆ. ಮೂರು ಕಲ್ಲಿನ ಒಲೆಯಿಂದ ಬುಸ್ಸೆಂದು ಹೊಗೆ ಎದ್ದಿತು.

“ಏನೋ ಇದು?”

“ನೀರು ಅತ್ತೆ.”

“ನೀರು ಅಂತ ನನ್ನ ಕಣ್ಣಿಗೂ ಕಾಣುತ್ತೆ. ಯಾವ ನೀರು?”

“ಅಪ್ಪನ ಮೈಗೆ ಹಾಕೋಕೆ. ನಿನ್ನೆ ಪ್ಲಾಂಟಲ್ಲಿ ತುಂಬಿದ್ದು. ಫಿಲ್ಟರ್ ನೀರು.”

“ಊರಲ್ಲಿ ಸತ್ತೋರಿಗೆಲ್ಲ ಕೆರೆಯಿಂದ ಮೊದಲ್ನೇ ಕೊಡ ಹೊತ್ತು ಕೊಟ್ಟೋನು ಕಣೋ ನಮ್ಮಣ್ಣ. ಅವನಿಗೆ ಕ್ಯಾನ್ ನೀರಾ?”

ಉದಯ ಕ್ಯಾನನ್ನು ನೆಲಕ್ಕಿಟ್ಟ. ಮನೆ ಮನೆಗೆ ನೀರಿನ ಕ್ಯಾನ್ ಹಾಕುವುದು ಅವನ ಕಸುಬು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಿನ ಜಾವ ಅಪ್ಪನ ಉಸಿರು ನಿಂತಾಗ ಭರಣಿ ಮಳೆ ಶೀಟಿನ ಮೇಲೆ ಬಡಿಯುತ್ತಿತ್ತು. ಮಳೆ ನಿಂತದ್ದು ಮೊದಲೋ ಉಸಿರು ನಿಂತದ್ದು ಮೊದಲೋ ಅವನಿಗೆ ಗೊತ್ತಾಗಿರಲಿಲ್ಲ. ಆಮೇಲೆ ಫೋನು, ಶಾಮಿಯಾನ, ತಮಟೆಯವರು, ಬೆಂಚು. ಈಗ ಹೇರೋಹಳ್ಳಿಯ ಆ ಇಕ್ಕಟ್ಟು ಗಲ್ಲಿಯಲ್ಲಿ, ಮನೆಯ ಮುಂದಿನ ಬೆಂಚಿನ ಮೇಲೆ ಅಪ್ಪ ಚಿಕ್ಕಗಂಗಯ್ಯ ಹಾರ ಹಾಕಿಸಿಕೊಂಡು ಮಲಗಿದ್ದ. ಎದುರುಮನೆಯವರು ತಮ್ಮ ಕಾರು ತೆಗೆಯಲು ದಾರಿ ಯಾವಾಗ ಬಿಡುತ್ತೀರಿ ಎಂದು ಆಗಲೇ ಎರಡು ಸಲ ಬಂದು ಮರ್ಯಾದೆಯಿಂದ ಕೇಳಿ ಹೋಗಿದ್ದರು.

ಮುನಿತಾಯಮ್ಮ ಸತ್ತವನ ತಂಗಿ. ಬ್ಯಾಡರಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವಳು ಅಣ್ಣನ ಕಾಲ ಬಳಿ ಕೂತು ಹೊಟ್ಟೆ ತುಂಬ ಅತ್ತು, ಅಳು ಮುಗಿದ ಮೇಲೆ ಸೆರಗು ಸಿಕ್ಕಿಸಿ ಸಾವಿನ ಮನೆಯ ಯಜಮಾನಿಕೆ ವಹಿಸಿಕೊಂಡಿದ್ದಳು.

ಚಿಕ್ಕಗಂಗಯ್ಯ ಊರಿನ ನೀರುಗಂಟಿ. ಗದ್ದೆಗಳಿದ್ದ ಕಾಲದಲ್ಲಿ ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ಆ ಮನೆತನದ ಕೆಲಸ. ಅದಕ್ಕೆ ಇನ್ನೊಂದು ಕೆಲಸವೂ ಅಂಟಿಕೊಂಡು ಬಂದಿತ್ತು. ಊರಲ್ಲಿ ಯಾರೇ ಸತ್ತರೂ ಹೆಣಕ್ಕೆ ನೀರು ಹಾಕುವಾಗ ಮೊದಲ ಕೊಡ ಕೆರೆಯದ್ದಾಗಬೇಕು. ನೀರುಗಂಟಿಯೇ ತುಂಬಿ ಹೊತ್ತು ತರಬೇಕು. ಬದುಕಿದ್ದಾಗ ನೀರಿಗೆ ಬಡಿದಾಡಿ ಅವನ ಅಪ್ಪ ಅಮ್ಮನನ್ನೆಲ್ಲ ಬೈದವರೂ ಸತ್ತ ಮೇಲೆ ಅವನ ಕೊಡಕ್ಕೆ ಕಾದುಕೊಂಡು ಮಲಗಬೇಕಿತ್ತು. ಗದ್ದೆಗಳು ಸೈಟಾದವು. ತೂಬು ಎತ್ತುತ್ತಿದ್ದ ಕೈ ಲೇಔಟಿನ ನೀರಿನ ವಾಲ್ವ್ ತಿರುಗಿಸಲು ಹೋಯಿತು. ಕೊಡ ಮಾತ್ರ ಅವನು ಬಿಟ್ಟಿರಲಿಲ್ಲ. ಎರಡು ವರ್ಷದಿಂದೀಚೆಗೆ ಅದನ್ನೂ ಬಿಟ್ಟಿದ್ದ. ಮಂಡಿ ನೋವು ಎಂದಿದ್ದ.

“ಮುನಿತಾಯಕ್ಕ, ಆ ನೀರು ಬೇಡ,” ಎಂದಿತು ಶಾಮಿಯಾನದ ಮೂಲೆಯಿಂದ ಒಂದು ದನಿ.

ಉಗ್ರಪ್ಪ. ಒಂದು ಕಾಲದಲ್ಲಿ ಆ ಕೆರೆಯ ಮೀನು ಗುತ್ತಿಗೆ ಹಿಡಿದವನು. ಚಿಕ್ಕಗಂಗಯ್ಯನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಬೆಳಿಗ್ಗೆಯಿಂದ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದನೇ ಹೊರತು ಬೆಂಚಿನ ಹತ್ತಿರ ಹೋಗಿರಲಿಲ್ಲ.

“ಮೀನನ್ನೇ ಸಾಯ್ಸಿದ ನೀರು. ಹೆಣಕ್ಕೆ ಇನ್ನೇನಾಗುತ್ತೆ ಅಂತೀಯ, ಆದ್ರೂ ಬೇಡ. ನಾಯಿ ಮೈಗೂ ಹಾಕಲ್ಲ ಅದನ್ನ.”

“ಬದುಕಿದ್ದಾಗ ಅವನ ಹತ್ರ ಆಡ್ದೆ ಉಳಿಸ್ಕೊಂಡ ಮಾತನ್ನ ಈಗ ಹೆಣದ ಮುಂದೆ ಖರ್ಚು ಮಾಡ್ತೀಯೇನೋ ಉಗ್ರಪ್ಪ?”

ಉಗ್ರಪ್ಪ ತಲೆ ಬಗ್ಗಿಸಿದ. ಉದಯನ ಭಾವಮೈದ ಮಂಜುನಾಥ ಎರಡು ಫೋನು ಕೈಯಲ್ಲಿ ಹಿಡಿದು ನಡುವೆ ಬಂದ. ಸೈಟು ಮಾರಿಸುವವನು, ಸಾವಿನ ಮನೆಯಲ್ಲೂ ಯಾವುದನ್ನಾದರೂ ಬೇಗ ಮುಗಿಸಿಕೊಡುವ ಉತ್ಸಾಹ.

“ಅತ್ತೆ, ರುದ್ರಭೂಮೀಲಿ ಗುಂಡಿ ರೆಡಿ ಇದೆ. ನಲ್ಲಿ ನೀರು ಹಾಕಿ ಮುಗಿಸೋಣ. ನಲ್ಲೀಲಿ ಬರೋದೂ ಕಾವೇರಿ ತಾಯಿ ತಾನೆ.”

“ಕಾವೇರಿ ತಾಯಿ ದೊಡ್ಡೋಳು ಕಣಪ್ಪ, ಅವಳಿಗೆ ಇವನ ಗುರ್ತು ಇಲ್ಲ,” ಎಂದಳು ಮುನಿತಾಯಮ್ಮ. ಆಮೇಲೆ ಉದಯನ ಕಡೆ ತಿರುಗಿ ದನಿ ತಗ್ಗಿಸಿದಳು. “ಅವನಿಗೂ ಆ ಒಂದು ಕೊಡ ಇಲ್ಲ ಅಂದ್ರೆ ಇಷ್ಟು ವರ್ಷ ಅವನು ಹೊತ್ತಿದ್ದೆಲ್ಲ ಏನೋ? ಸುಮ್ನೆ ಹೊತ್ತನಾ? ನೀನು ತರ್ದಿದ್ರೆ ನಾನೇ ಹೋಗಿ ತರ್ತೀನಿ.”

ಎಪ್ಪತ್ತು ದಾಟಿದ ಹೆಂಗಸು. ಸೊಂಟ ಬಾಗಿತ್ತು. ಹೋಗುವವಳೇ.

*

ಕೆರೆಯ ನೀರು ವರ್ಷದಲ್ಲಿ ಹೇಗೆ ಬಣ್ಣ ತಿರುಗುತ್ತದೆ ಎಂಬುದನ್ನು ಚಿಕ್ಕಗಂಗಯ್ಯ ಮಗನಿಗೆ ಹೇಳಿಕೊಟ್ಟದ್ದು ತೂಬಿನ ಕಲ್ಲಿನ ಮೇಲೆ ಕೂರಿಸಿಕೊಂಡು.

“ಶಿವರಾತ್ರಿ ಸುತ್ತ ಹೊಂಗೆ ಎಲೆ ಉದುರ್ತದೆ. ಏರಿ ಮೇಲೆ, ತೋಪಲ್ಲಿ, ಬಿದ್ದು ಒಣಗಿರ್ತದೆ. ಭರಣಿ ಮಳೆ ಬಿದ್ದೇಟ್ಗೆ ಅದರ ರಸವೆಲ್ಲ ಇಳಿದು ಕೆರೆ ಕಷಾಯ ಆಗ್ತದೆ. ಹೆದರ್ಬಾರ್ದು. ಮುಂಗಾರು ಜೋರಾದ್ರೆ ತೆಳ್ಳಗಾಗ್ತದೆ. ದೀಪಾವಳಿ ಕಳೆದ್ಮೇಲೆ ಬಿಸಿಲು ಅದನ್ನ ನೆಕ್ಕಿ ನೆಕ್ಕಿ ತಿಳಿ ಮಾಡ್ತದೆ. ಸಂಕ್ರಾಂತಿಗೆ ನೋಡು, ತಳದ ಕಲ್ಲು ಕಾಣ್ತದೆ. ಆಮೇಲೆ ಬೇಸಿಗೆ. ಪಾಚಿ, ಹಸ್ರು. ತಿರ್ಗಾ ಎಲೆ.”

ಭರಣಿಯ ಕೆಂಪು ನೀರನ್ನು ಗಾಜಿನ ಲೋಟದಲ್ಲಿ ಎತ್ತಿ ಸೂರ್ಯನಿಗೆ ಹಿಡಿದು, ಹಿಂದೆ ಬೆರಳಿಟ್ಟು ತೋರಿಸುತ್ತಿದ್ದ. ಬೆರಳು ಮಸುಕಾದರೆ ಮಣ್ಣು ನೀರು. ಬೆರಳು ಕಂಡರೆ ಎಲೆ ನೀರು, ಒಳ್ಳೆಯದು.

ಉಗ್ರಪ್ಪ ಮೀನು ಬಿಟ್ಟ ವರ್ಷವೂ ಭರಣಿಗೆ ಕೆರೆ ಕೆಂಪಾಯಿತು. ಉಗ್ರಪ್ಪ ಓಡಿ ಬಂದ. “ಗಂಗಣ್ಣ, ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಾವೆ. ಬಲೆ ಬಿಟ್ಟು ಎತ್ತಿಬಿಡ್ಲಾ?” ಚಿಕ್ಕಗಂಗಯ್ಯ ಲೋಟ ಎತ್ತಿ ನೋಡಿದ. ಬೆರಳು ಚೆನ್ನಾಗಿಯೇ ಕಂಡಿತು. “ಎಲೆ ನೀರು ಕಣೋ. ಎಳೇ ಮೀನು ಎತ್ತಿ ಏನ್ಮಾಡ್ತೀಯ? ಇನ್ನೊಂದು ಮಳೆ ಬರ್ಲಿ, ತಡಿ.”

ಉಗ್ರಪ್ಪ ತಡೆದ. ಆ ಸಲ ಎಲೆಯ ರಸದ ಜೊತೆ ಮೇಲಿನ ಲೇಔಟುಗಳ ಮೋರಿಯ ರಸವೂ ಬಂದಿತ್ತು. ಕರಗಿ ಬಂದಿತ್ತು, ಕರಗಿದ್ದರಿಂದಲೇ ಬೆರಳು ಕಂಡದ್ದು. ಇನ್ನೊಂದು ಮಳೆ ಬರುವುದರೊಳಗೆ ಕೆರೆಯ ದಂಡೆಯುದ್ದಕ್ಕೂ ಬಿಳಿ ಹೊಟ್ಟೆಗಳು ತೇಲಿದವು. ನಾಯಿಗಳೂ ಮೂಸಿ ಬಿಟ್ಟವು. ಉಗ್ರಪ್ಪ ದಂಡೆಯ ಮೇಲೆ ಕೂತಿದ್ದ, ಚಿಕ್ಕಗಂಗಯ್ಯ ತೂಬಿನ ಮೇಲೆ ನಿಂತಿದ್ದ. ಇಬ್ಬರ ನಡುವೆ ಅಷ್ಟೂ ಮೀನು. ಅವತ್ತಿನಿಂದ ಮಾತಿಲ್ಲ.

ಆಮೇಲೆ ಕೆರೆಗೆ ಬೇಲಿ ಹಾಕಿದರು. ಮೋರಿಗೆ ಹಾಕಲಿಲ್ಲ. ವಾಕಿಂಗ್ ದಾರಿ ಬಂತು, ಗೇಟು ಬಂತು, ಗೇಟಿಗೆ ಟೈಮು ಬಂತು. ಚಿಕ್ಕಗಂಗಯ್ಯ ಆ ಟೈಮು ನೋಡಿಕೊಂಡು ಕೊಡ ಹೊತ್ತ. ಒಂದು ಸಲ ಹಳೇ ಪಟೇಲರ ಮನೆಯ ಸಾವು. ಮನೆ ಈಗ ನಾಲ್ಕಂತಸ್ತಿನ ಅಪಾರ್ಟ್‌ಮೆಂಟು. ಉದಯನೇ ಗೂಡ್ಸ್ ಗಾಡಿಯಲ್ಲಿ ಅಪ್ಪನನ್ನು ಬಿಟ್ಟಿದ್ದ. ಪಟೇಲರ ಸೊಸೆ ಗೇಟಿಗೆ ಬಂದು, ಕೈ ಮುಗಿದು, ಕೊಡ ತೆಗೆದುಕೊಂಡು ಪಕ್ಕಕ್ಕೆ ಹೋಗಿ ಕ್ರೋಟನ್ ಗಿಡದ ಬುಡಕ್ಕೆ ಸುರಿದು, ಖಾಲಿ ಕೊಡ ಒಳಗೆ ಒಯ್ದು ನಲ್ಲಿಗೆ ಹಿಡಿದಳು. ಗಾಡಿಯಲ್ಲಿ ಕೂತವರಿಬ್ಬರಿಗೂ ಅದು ಕಂಡಿತು.

“ಗಿಡಕ್ಕೆ ಹಾಕಿದ್ರೆ ತಪ್ಪೇನು,” ಎಂದಿದ್ದ ಅಪ್ಪ, ಸುಮಾರು ದೂರ ಬಂದ ಮೇಲೆ.

ಉದಯ ಸ್ಟೇರಿಂಗ್ ಮೇಲೆ ಗುದ್ದಿದ್ದ.

*

ಲಕ್ಷ್ಮಿ ಅಟ್ಟದಿಂದ ತಾಮ್ರದ ಕೊಡ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಯಾರೂ ಹೇಳಿರಲಿಲ್ಲ. ಉದಯ ಬಚ್ಚಲ ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದ.

“ನೀನೂ ಅತ್ತೆ ಪಾರ್ಟಿನಾ?”

“ನಾನು ಯಾರ ಪಾರ್ಟಿನೂ ಅಲ್ಲ. ಕೊಡ ಕರೀಗೆ ಕೂತಿತ್ತು, ತೊಳೀತಿದೀನಿ.” ತಲೆ ಎತ್ತದೆ ಕೇಳಿದಳು. “ಮಾವ ಕೊಡ ಬಿಟ್ಟಿದ್ದು ಮಂಡಿ ನೋವಿಗಲ್ಲ. ವಾಲ್ವ್ ತಿರುಗ್ಸೋಕೆ ದಿನಾ ನಡ್ಕೊಂಡೇ ಹೋಗ್ತಿದ್ರು. ನಿಮ್ಗೇನಾದ್ರೂ ಹೇಳಿದ್ರಾ?”

“ಇಲ್ಲ.”

“ಕೇಳಿದ್ರಾ?”

ಉದಯ ಹೊರಗೆ ಬಂದ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ, ಅದು ನಡೆದಾಗ, ಅವನು ಅಲ್ಲೇ ಇದ್ದ.

*

ಅನಘಾ ಎಂಬ ಹುಡುಗಿ ಯೂನಿವರ್ಸಿಟಿಯಿಂದ ತಿಂಗಳಿಗೊಮ್ಮೆ ಬಂದು ಕೆರೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗುತ್ತಿದ್ದಳು. ಸೋಸಿದ ಮೇಲೂ ನೀರಲ್ಲಿ ಉಳಿಯುವ, ಕರಗಿದ ಸಾರವನ್ನು ಅಳೆಯುವುದು ಅವಳ ಓದು. “ಟೀ ಸೋಸಿ ಸೊಪ್ಪು ಎಸೆದ್ರೂ ಬಣ್ಣ ಲೋಟದಲ್ಲೇ ಇರುತ್ತಲ್ಲ ತಾತ, ಅದು,” ಎಂದಾಗ ಚಿಕ್ಕಗಂಗಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವನು ಭರಣಿಯಿಂದ ಭರಣಿಗೆ ಹೇಳುತ್ತಾ ಬಂದದ್ದು ಅದನ್ನೇ. ಮಳೆಗೆ ಎಲೆಯ ರಸ ಬರುವುದು, ಬಿಸಿಲಿಗೆ ಬಣ್ಣ ಹೋಗುವುದು, ಬೇಸಿಗೆಗೆ ಪಾಚಿಯ ರಸ ಕೂಡುವುದು, ಎಲ್ಲ ನಿಜ ಎಂದಳು ಅವಳು. ಬೇರೆ ಕೆರೆಗಳಲ್ಲಿ ಹಾಗೇ ಆಗುತ್ತದೆ ಎಂದಳು. ‘ಬೇರೆ’ ಎಂಬುದನ್ನು ಮುದುಕ ಕೇಳಿಸಿಕೊಳ್ಳಲಿಲ್ಲ.

“ಒಂದು ವರ್ಷದ ನೀರು ಒಟ್ಟಿಗೇ ತಂದು ತೋರ್ಸವ್ವ. ಯಾವ್ದು ಯಾವ ತಿಂಗಳ್ದು ಅಂತ ನಾನು ಹೇಳ್ತೀನಿ.”

ಅವಳು ತಂದಳು. ಥರ್ಮಾಕೋಲ್ ಡಬ್ಬಿಯಿಂದ ತೆಗೆದು ತೂಬಿನ ಕಲ್ಲಿನ ಮೇಲೆ ಸಾಲಾಗಿ ಜೋಡಿಸಿದಳು. ಗೇಟಿನ ಕಾವಲುಗಾರನಿಗೆ ಕ್ಯಾನ್ ಹಾಕಲು ಬಂದ ಉದಯನೂ ನಿಂತು ನೋಡಿದ. ಬಾಟಲಿಗಳೆಲ್ಲ ಒಂದೇ ತರಹ ಮಂಕು ಹಳದಿ, ಕಾಮಾಲೆ ಕಣ್ಣಿನ ಹಾಗೆ. ಅಪ್ಪ ಒಂದೊಂದನ್ನೇ ಬಿಸಿಲಿಗೆ ಹಿಡಿದ. ಹಿಂದೆ ಬೆರಳಿಟ್ಟ. ಇಳಿಸಿದ. ಮತ್ತೆ ಎತ್ತಿದ.

“ಇದು ಸಂಕ್ರಾಂತೀದು,” ಎಂದ ಕೊನೆಗೆ.

ಅನಘಾ ಬಾಟಲಿಯ ತಳದಲ್ಲಿ ಬರೆದಿದ್ದ ತಿಂಗಳು ನೋಡಿ ತಲೆ ಅಡ್ಡಕ್ಕೆ ಆಡಿಸಿದಳು.

“ಅಲ್ವಾ? ಹಂಗಾದ್ರೆ ಇದು. ಇದು ನೋಡು.”

“ಅದು ಜೂನ್‌ದು ತಾತ.”

“ಕನ್ನಡ್ಕ ಮನೇಲಿ ಬಿಟ್ಟು ಬಂದೆ.”

“ತಾತ, ಕಣ್ಣಿಂದಲ್ಲ,” ಎಂದಳು ಹುಡುಗಿ. ಹೇಳಲು ಅವಳಿಗೇ ಬೇಸರವಿತ್ತು. “ನಮ್ಮ ಮಿಷಿನ್‌ಗೂ ಗೊತ್ತಾಗ್ತಿಲ್ಲ. ಮೋರಿ ನೀರು ವರ್ಷ ಪೂರ್ತಿ ಒಂದೇ ಸಮ ಬರುತ್ತಲ್ಲ. ಈ ಕೆರೇಲಿ ತಿಂಗಳು ತಿಂಗಳಿಗೆ ವ್ಯತ್ಯಾಸನೇ ಸಿಗ್ತಿಲ್ಲ.”

ಉದಯ ನಕ್ಕುಬಿಟ್ಟ. ಬೆಳಿಗ್ಗೆಯಿಂದ ಲಿಫ್ಟ್ ಇಲ್ಲದ ಬಿಲ್ಡಿಂಗುಗಳಿಗೆ ಕ್ಯಾನ್ ಹೊತ್ತು ಹೆಗಲು ಬಿದ್ದುಹೋಗಿತ್ತು. ಕೆರೆಯ ಮೇಲೆ, ಪಟೇಲರ ಸೊಸೆಯ ಮೇಲೆ, ಅಪ್ಪನ ಹಠದ ಮೇಲೆ ಇದ್ದ ಸಿಟ್ಟೆಲ್ಲ ಆ ನಗೆಯಲ್ಲಿ ಬಂತು. “ಮುಗೀತಲ್ಲಪ್ಪ. ನಿಂಗೂ ಮಿಷಿನ್‌ಗೂ ಒಟ್ಟಿಗೇ ಕಣ್ಣು ಹೋಯ್ತು. ಇನ್ನಾದ್ರೂ ಮನೇಲಿ ಬಿದ್ಕೋ.”

ಅಪ್ಪ ಬಾಟಲಿಗಳನ್ನು ಕೋಳಿಮೊಟ್ಟೆ ಎತ್ತಿಡುವ ಹಾಗೆ ಒಂದೊಂದಾಗಿ ಡಬ್ಬಿಗೆ ಇಟ್ಟ. ಮುಂದಿನ ವಾರ ಊರಲ್ಲಿ ಒಂದು ಸಾವಾಯಿತು. ಕರೆಯಲು ಬಂದವರಿಗೆ ಮಂಡಿ ನೋವು ಎಂದ.

*

ಉದಯ ಗಾಡಿಯ ಸೀಟಿನ ಮೇಲೆ ಕೊಡ ಇಟ್ಟ. ಅದರ ಪಕ್ಕದಲ್ಲಿ ತುಂಬಿದ ಕ್ಯಾನೊಂದನ್ನೂ ಇಟ್ಟ. ಯಾರೂ ಕೇಳಲಿಲ್ಲ. ಏರಿಯ ಮರೆಯಲ್ಲಿ ಕ್ಯಾನಿನ ನೀರನ್ನೇ ಕೊಡಕ್ಕೆ ಬಗ್ಗಿಸಿ ತಂದರಾಯಿತು. ಅತ್ತೆಗೆ ಕೊಡ ಸಿಕ್ಕಿತು, ಅಪ್ಪನಿಗೆ ಶುದ್ಧ ನೀರು ಸಿಕ್ಕಿತು. ತಮಟೆಯವರು ಗಾಡಿಯ ಹಿಂದೆ ಬರಲು ಎದ್ದರು. ಬೇಡ ಎಂದು ಕೈ ಮಾಡಿದ.

ಗೇಟಿಗೆ ಬೀಗ. ಹೊಸ ಕಾವಲುಗಾರ ಮೊಬೈಲಿನಿಂದ ತಲೆ ಎತ್ತಿದ.

“ಟೈಮ್ ಆಯ್ತಣ್ಣ. ಇನ್ನು ಸಾಯಂಕಾಲನೇ ತೆಗೆಯೋದು.”

“ನಮ್ಮಪ್ಪ ತೀರ್ಕೊಂಡವ್ರೆ. ಒಂದು ಕೊಡ ನೀರು ಬೇಕು.”

“ಈ ಕೆರೇದಾ?” ಕಾವಲುಗಾರ ಕೆರೆಯ ಕಡೆ ಒಮ್ಮೆ, ಇವನ ಕಡೆ ಒಮ್ಮೆ ನೋಡಿದ. “ಯಾರಣ್ಣ ನಿಮ್ಮಪ್ಪ?”

“ನೀರುಗಂಟಿ.”

ಆ ಮಾತು ಅವನಿಗೆ ತಿಳಿಯಲಿಲ್ಲ. ಯಾವುದೋ ದೊಡ್ಡ ಪೋಸ್ಟ್ ಇರಬೇಕು ಎಂದುಕೊಂಡನೋ ಏನೋ, ಎದ್ದು ಬೀಗ ತೆಗೆದ. ಹೆಗಲ ಮೇಲಿನ ಕ್ಯಾನ್ ನೋಡಿ, “ಅದ್ಯಾಕೆ?” ಎಂದ.

“ಕುಡಿಯೋಕೆ.”

“ಅದು ಸರಿ,” ಎಂದ ಕಾವಲುಗಾರ.

ತೂಬಿನ ಮೆಟ್ಟಿಲಿಗೆ ಉದಯ ಇಳಿದ. ಬಂದದ್ದಕ್ಕೆ ಒಮ್ಮೆ ನೋಡಿಬಿಡೋಣ ಎನಿಸಿತು. ನೊರೆ ಕಲ್ಲಿಗೆ ಬಂದು ತಾಗುತ್ತಿತ್ತು. ರಾತ್ರಿಯ ಮಳೆಯೂ ಆ ನೀರಿಗೆ ಏನೂ ಮಾಡಿರಲಿಲ್ಲ. ಕೊಡದ ಬಾಯಿಯಿಂದ ನೊರೆ ಸರಿಸಿ ಮುಳುಗಿಸಲು ಹೋದ. ನಾತ ಮೂಗಿಗೆ ಹೊಡೆಯಿತು. ಇದನ್ನು ಅಪ್ಪನ ಮುಖಕ್ಕೆ ಸುರಿಯಲು ಅವನಿಂದ ಆಗುವುದಿಲ್ಲ. ಕೈ ತಾನಾಗಿಯೇ ಹಿಂದಕ್ಕೆ ಬಂತು.

ಏರಿಯ ಮೇಲೆ ಹೊಂಗೆ ಮರದ ಕೆಳಗೆ ಕೂತು ಕ್ಯಾನಿನ ಮುಚ್ಚಳ ಕಿತ್ತ. ಬಗ್ಗಿಸಿದ. ಕೊಡದ ತಳಕ್ಕೆ ನೀರು ಬಿದ್ದಿತು. ಇಣುಕಿ ನೋಡಿದ. ತಾಮ್ರ ಕಂಡಿತು, ಅವನ ಮುಖ ಕಂಡಿತು. ನೀರು ಇದೆಯೆಂದೇ ಗೊತ್ತಾಗಲಿಲ್ಲ. ಎಷ್ಟು ವರ್ಷದಿಂದ ಇದನ್ನು ಹೊರುತ್ತಿದ್ದೇನೆ, ಎಂದುಕೊಂಡ. ಸಂಕ್ರಾಂತಿಗೂ ಇದೇ, ಶ್ರಾವಣಕ್ಕೂ ಇದೇ. ಎಲೆಯಿಲ್ಲ, ಬಿಸಿಲಿಲ್ಲ, ಪಾಚಿಯಿಲ್ಲ. ಇದನ್ನೂ ಬಾಟಲಿಗೆ ಹಾಕಿ ಅಪ್ಪನ ಮುಂದೆ ಸಾಲಾಗಿ ಇಟ್ಟಿದ್ದರೆ ಒಂದನ್ನೂ ಅವನು ಗುರುತಿಸುತ್ತಿರಲಿಲ್ಲ. ಅಪ್ಪನನ್ನು ಮೋರಿ ಸೋಲಿಸಿತು ಎಂದು ನಕ್ಕಿದ್ದ. ತಾನು ಮಾರುತ್ತಿದ್ದ ನೀರಿಗೂ ತಿಂಗಳ ಗುರುತಿರಲಿಲ್ಲ.

ಕೊಡ ಬೋರಲು ಹಾಕಿದ. ನೀರು ಏರಿಯ ಇಳಿಜಾರಲ್ಲಿ ಹರಿಯಿತು. ಅದು ಹೋದ ದಾರಿಯನ್ನೇ ನೋಡುತ್ತಿದ್ದವನಿಗೆ ಕೆಳಗೆ ಒಂದು ಗುಂಡಿ ಕಂಡಿತು. ದೀಪದ ಕಂಬಕ್ಕೆಂದು ಯಾರೋ ತೋಡಿ, ಕಂಬ ಹಾಕದೆ ಬಿಟ್ಟದ್ದು. ಬೇಸಿಗೆಯೆಲ್ಲ ಹೊಂಗೆ ಎಲೆ ಬಿದ್ದು ತುಂಬಿತ್ತು. ಅದರ ಮೇಲೆ ರಾತ್ರಿಯ ಮಳೆ ನಿಂತಿತ್ತು.

ಉದಯ ಮಂಡಿಯೂರಿದ. ನೀರು ಕೆಂಪಗಿತ್ತು. ಹಾಲು ಹಾಕದ ಟೀ ಕೆಂಪು. ಒಂದು ಕೈ ಇಳಿಸಿದ. ಬೆರಳ ಗೆರೆಗಳೂ ಕಂಡವು. ಮೂಸಿದ. ಒಗರು, ಒಣ ಎಲೆ, ಒದ್ದೆ ಮಣ್ಣು. ಇದು ಕೆರೆಯ ನೀರಲ್ಲ. ಕೆರೆಗೆ ಹೊರಟಿದ್ದ ನೀರು, ದಾರಿಯಲ್ಲಿ ನಿಂತಿತ್ತು.

ಕೊಡ ಅದರಲ್ಲಿ ಮುಳುಗುವಷ್ಟು ಆಳವಿರಲಿಲ್ಲ. ಬೊಗಸೆಯಲ್ಲಿ ಮೊಗೆದು ಮೊಗೆದು ಹಾಕಿದ. ತುಂಬಲು ಬಹಳ ಹೊತ್ತು ಹಿಡಿಯಿತು. ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಲೇ ಇತ್ತು, ಮಂಜುನಾಥನದೇ ಇರಬೇಕು. ಉದಯ ಎತ್ತಲಿಲ್ಲ. ಗುಂಡಿ ಬತ್ತುತ್ತಾ ಬಂದ ಹಾಗೆ ಬೊಗಸೆಗೆ ಎಲೆಗಳೂ ಬಂದವು. ತೆಗೆದು ಎಸೆಯಲಿಲ್ಲ.

*

“ತೂಬಲ್ಲಿ ತುಂಬಿದ್ಯಾ?” ಮುನಿತಾಯಮ್ಮ ಗಲ್ಲಿಯ ಬಾಯಲ್ಲೇ ಕಾದಿದ್ದಳು.

“ಏರಿ ಮೇಲೆ.”

ಅವಳು ಕೊಡದೊಳಗೆ ಕೈ ಅದ್ದಿ, ನೀರನ್ನು ಅಂಗೈಯಲ್ಲಿ ಎತ್ತಿಕೊಂಡಳು. ಬಿಸಿಲಿಗೆ ಹಿಡಿದು ನೋಡಿದಳು. ಅಣ್ಣನ ಹಾಗೆಯೇ. ಅವಳಿಗೆ ತಿಳಿಯಿತೋ ಇಲ್ಲವೋ, ಮುಖ ನೋಡಿದರೆ ಹೇಳುವಂತಿರಲಿಲ್ಲ. ತಿಳಿಯದಿರುವ ಹೆಂಗಸಲ್ಲ.

“ಭರಣಿ ನೀರು,” ಎಂದಳು. ಸುತ್ತ ನಿಂತವರಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದಳು. “ಭರಣಿ ನೀರು ಕಣ್ರಪ್ಪ. ದಾರಿ ಬಿಡಿ.”

ಉಗ್ರಪ್ಪ ಮೂಗಿಗೆ ಟವೆಲ್ ಒತ್ತಿಕೊಂಡು ಕುರ್ಚಿಯಿಂದ ಎದ್ದಿದ್ದ. ಕೊಡ ಪಕ್ಕದಲ್ಲಿ ಹಾದಾಗ ಟವೆಲ್ ಇಳಿಸಿದ. ಇನ್ನೊಂದು ಹೆಜ್ಜೆ ಮುಂದೆ ಬಂದು ಕೊಡದೊಳಗೆ ಬಗ್ಗಿ ನೋಡಿದ.

“ಎಲ್ಲಿತ್ತೋ ಇದು?” ಎಂದ, ಉದಯನಿಗೆ ಮಾತ್ರ ಕೇಳುವಷ್ಟು.

“ಇತ್ತು.”

ಹೆಂಗಸರು ಬೆಂಚಿನ ಸುತ್ತ ಸೀರೆ ಹಿಡಿದು ಮರೆ ಮಾಡಿದರು. ಲಕ್ಷ್ಮಿ ಮಾವನ ಹಾರಗಳನ್ನು ತೆಗೆದಳು. ತಮಟೆ ಶುರುವಾಯಿತು. ಉದಯ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪನ ತಲೆಯ ಕಡೆಯಿಂದ ನಿಧಾನವಾಗಿ ಬಗ್ಗಿಸಿದ. ಕೆಂಪು ನೀರು ಹಣೆಯ ಮೇಲೆ ಬಿದ್ದು, ಮುಚ್ಚಿದ ಕಣ್ಣ ಗುಳಿಗಳಲ್ಲಿ ಒಂದು ಕ್ಷಣ ನಿಂತು, ಕೆನ್ನೆಯಿಂದ ಎದೆಗೆ ಇಳಿಯಿತು. ಒಂದು ಹೊಂಗೆ ಎಲೆ ಕತ್ತಿನ ಹತ್ತಿರ ಅಂಟಿಕೊಂಡಿತು. ಕೀಳಲು ಹೋದ ಲಕ್ಷ್ಮಿಯ ಕೈಯನ್ನು ಮುನಿತಾಯಮ್ಮ ತಡೆದಳು.

“ಇರ್ಲಿ ಬಿಡವ್ವ.”

ನೀರು ಬೆಂಚಿನ ಸಂದಿಯಿಂದ ನೆಲಕ್ಕೆ ಸುರಿದು, ಸೀರೆಯ ಮರೆಯ ಕೆಳಗಿನಿಂದ ನುಸುಳಿ, ಕಾಂಕ್ರೀಟ್ ಗಲ್ಲಿಯ ನಡುವೆ ಹರಿಯತೊಡಗಿತು. ಕೆರೆಯ ನೀರು ಬಂತೆಂದು ಜನ ಎರಡು ಕಡೆಗೂ ಸರಿದರು. ಕೆಲವರು ಚಪ್ಪಲಿ ಕೈಗೆತ್ತಿಕೊಂಡರು. ಮಂಜುನಾಥ ಎದುರುಮನೆಯ ಮೆಟ್ಟಿಲು ಹತ್ತಿ ಪ್ಯಾಂಟು ಮೇಲೆತ್ತಿದ.

ಉಗ್ರಪ್ಪ ಗಲ್ಲಿಯ ನಡುವೆಯೇ ನಿಂತಿದ್ದ. ನೀರು ಹತ್ತಿರ ಬರುವುದನ್ನು ನೋಡಿದ. ಬಲಗಾಲಿನಿಂದ ಎಡಗಾಲಿನ ಚಪ್ಪಲಿ ಕಳಚಿದ, ಎಡಗಾಲಿನಿಂದ ಬಲಗಾಲಿನದು. ಬರಿಗಾಲಲ್ಲಿ ನಿಂತ. ನೀರು ಅವನ ಹೆಬ್ಬೆರಳಿಗೆ ತಾಗಿ, ಎರಡು ಪಾದಗಳ ಸುತ್ತ ಕವಲೊಡೆದು, ಹಿಮ್ಮಡಿಯ ಹಿಂದೆ ಮತ್ತೆ ಒಂದಾಗಿ ಮೋರಿಯ ಕಡೆಗೆ ಹೋಯಿತು.